ಕೆಂಪು ಚುಕ್ಕೆಯ ಕಪಾಟು

ಮೆರ್ವ್ ಪೆನ್‌ಹಾಲ್‌ಗೆ ಆ ಬುಧವಾರ ಎದ್ದಾಗಿನಿಂದಲೇ ಸಿಟ್ಟಿತ್ತು. ಅದರಲ್ಲಿ ವಿಶೇಷವೇನಿಲ್ಲ, ಮಿಕ್ಕ ವಾರಗಳಲ್ಲೂ ಇರುತ್ತಿತ್ತು. ಆದರೆ ದಿನವೂ ಲೋಕದ ಮೇಲೆಲ್ಲ ಚೆಲ್ಲಾಡಿಕೊಂಡು ಹೋಗುತ್ತಿದ್ದ ಆ ಸಿಟ್ಟು, ಅವತ್ತು ಕಡಲ ದಂಡೆಯ ಪುಟ್ಟ ಊರು ಪೋರ್ಟ್ ಟ್ರೆನಿಕ್‌ನ ಗ್ರಂಥಾಲಯದಲ್ಲಿ ಮೂಲೆಯ ಕಪಾಟಿನ ಮುಂದೆ ನಿಂತ ಕೂಡಲೇ ಒಂದೇ ಕಡೆ ಒಟ್ಟಾಯಿತು. ಅದು ವೈಜ್ಞಾನಿಕ ಕಾದಂಬರಿಗಳ ಕಪಾಟು. ಅದರ ಒಂದೊಂದು ಪುಸ್ತಕದ ಬೆನ್ನಿಗೂ ಯಾರೋ ಕೆಂಪು ಚುಕ್ಕೆ ಅಂಟಿಸಿದ್ದರು. ಕಪಾಟಿಗೆ ಕಪಾಟೇ ದಡಾರ ಎದ್ದ ಮಗುವಿನ ಹಾಗೆ ಕಾಣುತ್ತಿತ್ತು.

“ಇದೇನಮ್ಮ ಟ್ಯಾಮ್ಸಿನ್ ಇದು?”

ಟ್ಯಾಮ್ಸಿನ್ ಅಲ್ಲಿನ ಗ್ರಂಥಪಾಲಕಿ. ಇಡೀ ಗ್ರಂಥಾಲಯಕ್ಕೆ ಅವಳೊಬ್ಬಳೇ ಸಿಬ್ಬಂದಿ. ಬುಧವಾರ ಅವಳು ಗ್ರಂಥಾಲಯದ ಬಾಗಿಲನ್ನು ಓದುಗರಿಗೆ ತೆರೆದೇ ಇಟ್ಟು, ಶಾಲೆಗೆ ಹೋಗಿ ಮಕ್ಕಳಿಗೆ ಕತೆ ಹೇಳುವ ದಿನ. ಕೈಗೊಂಬೆಗಳನ್ನು ಚೀಲಕ್ಕೆ ತುರುಕುತ್ತಿದ್ದವಳು ತಲೆ ಎತ್ತಿದಳು.

“ಅವೆಲ್ಲ ಇವತ್ತು ಸಂಜೆ ಹೋಗ್ತವೆ ಮೆರ್ವ್. ನಾಲ್ಕೂವರೆಗೆ ಸಿಟಿಯಿಂದ ವ್ಯಾನ್ ಬರತ್ತೆ. ಯಾಕೆ ಅಂದ್ರೆ—”

“ಯಾಕೆ ಅಂತ ನಂಗೊತ್ತು.”

“ನಿಮಗೆ ಗೊತ್ತಿಲ್ಲ. ಆ ಪುಸ್ತಕದೊಳಗೆ ಏನಾಗಿದೆ ಅಂದ್ರೆ—”

“ಆ ಪುಸ್ತಕದೊಳಗೆ ಏನಾಗತ್ತೆ ಅಂತ ನನಗೆ ಹೇಳಕ್ಕೆ ಬರಬೇಡ. ನೀನು ಹುಟ್ಟೋಕೆ ಮುಂಚೆ ಅಷ್ಟನ್ನೂ ಓದಿದೀನಿ. ಯಾರೂ ತಗೊಂಡು ಹೋಗಲ್ಲ, ಜಾಗ ದಂಡ ಅಂತ ಕಂಪ್ಯೂಟರ್ ಹೇಳಿರತ್ತೆ. ನೀನು ಹೂಂ ಅಂದಿರ್ತೀಯ.”

ಟ್ಯಾಮ್ಸಿನ್ ಗಡಿಯಾರ ನೋಡಿದಳು. ನಿಟ್ಟುಸಿರು ಬಿಟ್ಟಳು. “ಐದಕ್ಕೆ ವಾಪಸ್ ಬರ್ತೀನಿ. ಆಗ ಕೂತು ಹೇಳ್ತೀನಿ, ಆಯ್ತಾ? ಬೇಜಾರು ಮಾಡ್ಕೋಬೇಡಿ,” ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದಳು. ಚೀಲದಿಂದ ಗುಂಡು ಕರಡಿಮರಿಯಂಥ ಒಂದು ವಾಂಬ್ಯಾಟ್ ಗೊಂಬೆ ತಲೆ ಹೊರಹಾಕಿ ಮೆರ್ವ್‌ನನ್ನೇ ನೋಡುತ್ತಿತ್ತು.

ಬೇಜಾರು ಮಾಡಿಕೊಳ್ಳಬಾರದಂತೆ. ಹಾಗೆ ನೋಡಿದರೆ ಆ ಕಪಾಟು ಅವನದೇ. ಹಳೆಯ ಮನೆ ಮಾರಿ ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೋಲಿಂಗ್ ಕ್ಲಬ್ಬಿನ ಹಿಂದಿನ ಎರಡು ಕೋಣೆಯ ಪುಟ್ಟ ಮನೆಗೆ ಬಂದಾಗ ಹೆಂಡತಿ ಬೆರಿಲ್ ಒಂದೇ ಮಾತು ಹೇಳಿದ್ದಳು. “ಮನೆ ಒಳಗೆ ಮಂಚ ಇರಬೇಕು, ಇಲ್ಲಾ ನಿನ್ನ ಪುಸ್ತಕ ಇರಬೇಕು. ಎರಡೂ ಹಿಡಿಯಲ್ಲ.” ಮೆರ್ವ್‌ಗೆ ಸೊಂಟ ನೋವು. ಹಾಗಾಗಿ ಮಂಚವನ್ನು ಉಳಿಸಿಕೊಂಡು, ಒಂದು ಜನ್ಮದಲ್ಲಿ ಕೂಡಿಟ್ಟ ಪುಸ್ತಕವನ್ನೆಲ್ಲ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಗ್ರಂಥಾಲಯಕ್ಕೆ ಕೊಟ್ಟ. ಅಂದಿನಿಂದ ತನ್ನ ಪುಸ್ತಕವನ್ನೇ ಒಂದೊಂದಾಗಿ ಎರವಲು ತಂದು ಓದುತ್ತಿದ್ದ. ಮುಪ್ಪು ಬಂದ ಮೇಲೆ ಅವನಿಗೆ ಮರೆವು ಬಂದಿತ್ತು. ಮರೆವು ಅವನಿಗೆ ಕೊಟ್ಟ ಒಂದೇ ಲಾಭವೆಂದರೆ, ಕತೆಯ ಕೊನೆಗಳೆಲ್ಲ ಮರೆತು ಹೋಗಿ, ಎಷ್ಟು ಸಲ ಓದಿದರೂ ಕೊನೆಯ ಪುಟಕ್ಕೆ ಬಂದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಈ ಲೋಕದಲ್ಲಿ ಅವನಿಗೆ ಉಳಿದಿದ್ದ ಸುಖ ಅದೊಂದೇ. ಅದು ಇವತ್ತು ಸಂಜೆ ನಾಲ್ಕೂವರೆಗೆ ವ್ಯಾನ್ ಹತ್ತಲಿತ್ತು.

ಸಿಟ್ಟು ಬರದೆ ಇನ್ನೇನು ಬರುತ್ತದೆ? ಗ್ರಂಥಾಲಯ ನಡೆಸುವ ಊರ ಕೌನ್ಸಿಲ್ಲಿನ ಇದೇ ಜನ ಹೋದ ವರ್ಷ ‘ಗ್ರಂಥಾಲಯ’ ಎಂಬ ಹಲಗೆಯನ್ನು ಕಿತ್ತು ‘ಸಮುದಾಯ ಸಂಪರ್ಕ ಹಬ್’ ಎಂದು ಬರೆಸಿದ್ದರು. ಮೆರ್ವ್ ಅವತ್ತೇ ಕೌನ್ಸಿಲ್ ಸಭೆಗೆ ಹೋಗಿ ಎದ್ದು ನಿಂತು ಕೇಳಿದ್ದ. “ಹಬ್ ಅಂದ್ರೆ ಚಕ್ರದ ನಡುವಿನ ಗುಂಬ. ಅದರೊಳಗೆ ಗ್ರೀಸ್ ಇರತ್ತೆ. ಪುಸ್ತಕ ಎಲ್ಲಿರತ್ತೆ ತೋರಿಸಿ.” ಯಾರೂ ತೋರಿಸಲಿಲ್ಲ. ಹಲಗೆಯ ಬೆನ್ನಿಗೇ ‘ಓದುಗ’ ಹೋಗಿ ‘ಗ್ರಾಹಕ’ ಬಂದ. ಓದುಗ ಎಂಬ ಪದಕ್ಕೆ ಯಾವ ರೋಗ ಬಂದಿತ್ತೋ ದೇವರೇ ಬಲ್ಲ. ಒಳ್ಳೆಯ ಪದಗಳನ್ನು ಹೀಗೆ ಹಾಡಹಗಲೇ ಸಾಯಿಸುತ್ತಾರೆ, ಒಬ್ಬನೂ ಹೂ ಇಟ್ಟು ಬರುವುದಿಲ್ಲ.

ಭವಿಷ್ಯದ ವಿಷಯವೂ ಹಾಗೆಯೇ. ಮೆರ್ವ್ ಹುಡುಗನಾಗಿದ್ದಾಗ ಗೋಧಿ ಕಣಜದ ನೆರಳಿನಲ್ಲಿ ಕೂತು ಓದಿದ ಪುಸ್ತಕಗಳು ಅವನಿಗೆ ಭವಿಷ್ಯದ ಬಗ್ಗೆ ಖಚಿತವಾದ ಮಾತು ಕೊಟ್ಟಿದ್ದವು. ಚಂದ್ರನ ಮೇಲೆ ಊರು, ಊಟಕ್ಕೆ ಒಂದು ಗುಳಿಗೆ, ಕೈ ಕಟ್ಟಿ ನಿಂತು “ಏನಪ್ಪಣೆ” ಎನ್ನುವ ರೋಬೋಟು. ಬಂದದ್ದೇನು? ಸೂಪರ್ ಮಾರ್ಕೆಟ್ಟಿನಲ್ಲಿ ತನ್ನದೇ ಚೀಲವನ್ನು ತಾನು ಕೆಳಗಿಟ್ಟರೆ ಕಳ್ಳ ಎಂದು ಕೂಗಿಕೊಳ್ಳುವ ಬಿಲ್ಲಿನ ಯಂತ್ರ. ಪಿಂಚಣಿ ಎಷ್ಟು ಬಂತೆಂದು ನೋಡಲು ಹೋದರೆ ‘ನೀನು ಯಂತ್ರವಲ್ಲ ಎಂದು ಸಾಬೀತು ಮಾಡು’ ಎಂದು ಯಂತ್ರವೇ ಕೇಳುತ್ತದೆ. ಮಸುಕು ಚಿತ್ರ ತೋರಿಸಿ, ಸಿಗ್ನಲ್ ದೀಪ ಯಾವುದು ಎಂದು ಹೇಳು ಎನ್ನುತ್ತದೆ. ಪೋರ್ಟ್ ಟ್ರೆನಿಕ್‌ನಲ್ಲಿ ಸಿಗ್ನಲ್ ದೀಪವೇ ಇಲ್ಲ. ಮೆರ್ವ್ ಪ್ರತಿ ಸಲವೂ ಸೋತು, ತಾನು ಮನುಷ್ಯ ಹೌದೋ ಅಲ್ಲವೋ ಎಂಬ ಅನುಮಾನದಲ್ಲೇ ಎದ್ದು ಬರುತ್ತಿದ್ದ.

ಕಪಾಟಿನ ಮುಂದೆ ನಿಂತೇ ಅವನಿಗೆ ಉಪಾಯ ಹೊಳೆಯಿತು. ಓದುಗರ ಕೈಯಲ್ಲಿರುವ ಪುಸ್ತಕವನ್ನು ಯಾವ ವ್ಯಾನಿನವನೂ ಒಯ್ಯುವಂತಿಲ್ಲ. ಊರವರೆಲ್ಲ ಬಂದು ತಲೆಗಿಷ್ಟು ಎರವಲು ತೆಗೆದುಕೊಂಡರೆ ಕಪಾಟು ಖಾಲಿ. ವ್ಯಾನೂ ಖಾಲಿ ಬಂದು ಖಾಲಿ ಹೋಗುತ್ತದೆ. ಟ್ಯಾಮ್ಸಿನ್ ಇಲ್ಲದಿದ್ದರೇನು, ಕೌಂಟರಿನ ಮೇಲೆ ಎರವಲು ಕೊಡುವ ಯಂತ್ರ ಕೂತಿದೆಯಲ್ಲ. ಮನುಷ್ಯರ ಕೆಲಸ ಕಿತ್ತುಕೊಂಡಿತು ಎಂದು ತಾನೇ ಶಾಪ ಹಾಕಿದ ಆ ಯಂತ್ರ ಒಂದು ದಿನ ಧರ್ಮದ ಪಕ್ಷದಲ್ಲಿ ನಿಲ್ಲಲಿ.

ಅವನು ಸೈಕಲ್ ಹತ್ತುವ ಮುಂಚೆ ಐಸ್‌ಕ್ರೀಮಿನ ಖಾಲಿ ಡಬ್ಬವನ್ನು ತಲೆಗೆ ಕವುಚಿಕೊಂಡು ಗಲ್ಲಕ್ಕೆ ದಾರ ಬಿಗಿದ. ಸೆಪ್ಟೆಂಬರ್ ತಿಂಗಳು, ಗ್ರಂಥಾಲಯದ ಮೂಲೆಯ ಮರದಲ್ಲಿ ಮ್ಯಾಗ್‌ಪೈ ಹಕ್ಕಿ ಮರಿ ಮಾಡಿತ್ತು. ಮರಿ ಇರುವಷ್ಟು ದಿನ ಅದು ದಾರಿಹೋಕರ ತಲೆಯನ್ನು ಹಿಂದಿನಿಂದ ಬಂದು ಕುಟುಕುತ್ತದೆ. ಡಬ್ಬದ ಹಿಂಭಾಗಕ್ಕೆ ಎರಡು ದೊಡ್ಡ ಕಣ್ಣು ಬರೆದುಕೊಂಡರೆ ಹೆದರುತ್ತದೆಂದು ಊರಿನ ನಂಬಿಕೆ. ಮ್ಯಾಗ್‌ಪೈ ಈ ನಂಬಿಕೆಯನ್ನು ಕೇಳಿರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಡಬ್ಬ ಎರಡು ಸಲ ಟಣ್ ಎಂದಿತು.

ಬೆರಿಲ್ ಅಡುಗೆಮನೆಯಲ್ಲಿ ಪಾಸ್ಟಿಗೆ, ಅಂದರೆ ಮಾಂಸ ತುಂಬಿ ಸುಡುವ ಕಡುಬಿಗೆ, ಹಿಟ್ಟು ಲಟ್ಟಿಸುತ್ತಿದ್ದಳು. ಗಂಡ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಲಟ್ಟಣಿಗೆ ಕೆಳಗಿಡದೆ ಹೇಳಿದಳು. “ಆ ಕಸಾನ ಮನೆಯಿಂದ ಆಚೆ ಹಾಕ್ಸಕ್ಕೆ ನಂಗೆ ನಲವತ್ತು ವರ್ಷ ಹಿಡೀತು. ಈಗ ನನ್ನ ಕಾರ್ಡಲ್ಲೇ ವಾಪಸ್ ತರಬೇಕಾ? ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ.”

“ಒಂದು ವಾರದ ಮಟ್ಟಿಗೆ ಬೆರಿಲ್.”

“ನಿನ್ನ ಒಂದು ವಾರ ನಂಗೊತ್ತು. ನೀನು ಒಂದು ವಾರಕ್ಕೆ ಅಂತ ಕಟ್ಟಿದ ಕೋಳಿಗೂಡು ನಿಮ್ಮಪ್ಪ ಸಾಯೋವರೆಗೂ ಇತ್ತು.”

ಆದರೂ ಕೈ ಒರೆಸಿಕೊಂಡು ಕಾರ್ಡು ತೆಗೆದುಕೊಟ್ಟಳು. ಮೆರ್ವ್ ಪಕ್ಕದ ಮನೆಯ ಡಲ್ಸಿ ಹತ್ತಿರ ಓಡಿದ. ಡಲ್ಸಿ ವಿಧವೆ, ಪ್ರೇಮಕತೆಗಳನ್ನು ಬಿಟ್ಟು ಬೇರೇನನ್ನೂ ಓದಿದವಳಲ್ಲ.

“ಅದರಲ್ಲಿ ಮದುವೆ ಆಗತ್ತಾ?” ಎಂದು ಮೊದಲೇ ಕೇಳಿದಳು.

“ಒಂದರಲ್ಲಿ ಆಗತ್ತೆ. ಶುಕ್ರಗ್ರಹದವಳನ್ನ ಮಾಡ್ಕೋತಾನೆ.”

“ಹುಡುಗಿ ನೋಡಕ್ಕೆ ಹೆಂಗಿದಾಳೆ?”

“ಹಸಿರು ಬಣ್ಣ. ಆರು ಕೈ.”

ಡಲ್ಸಿ ಸ್ವಲ್ಪ ಯೋಚಿಸಿದಳು. “ಬಣ್ಣ ಹೆಂಗಾದ್ರೂ ಇರಲಿ. ಆರು ಕೈ ಅಂದ್ರೆ ಸಂಸಾರಕ್ಕೆ ಒಳ್ಳೇದೇ. ನಡಿ, ಬರ್ತೀನಿ.”

ಮೂರನೆಯವನು ಕೋಸ್ತಾ. ಗ್ರೀಸಿನಿಂದ ಬಂದು ಇಲ್ಲಿ ಮೀನು ಹಿಡಿದು ಮುದುಕನಾದವನು, ಈಗ ಬೋಲಿಂಗ್ ಕ್ಲಬ್ಬಿನ ಅಧ್ಯಕ್ಷ. ಯುದ್ಧದ ಚರಿತ್ರೆ ಬಿಟ್ಟರೆ ಬೇರೆ ಓದುವುದು ಗಂಡಸರ ಕೆಲಸವಲ್ಲ ಎನ್ನುವವನು. ಆದರೆ ಕೌನ್ಸಿಲ್ ಮೇಲೆ ಅವನಿಗೂ ಹಳೆಯ ಹಗೆ, ದೋಣಿ ಕಟ್ಟುವ ಜಾಗಕ್ಕೆ ಬಾಡಿಗೆ ಹಾಕಿದ್ದರು.

“ವ್ಯಾನ್ ಎಷ್ಟೊತ್ತಿಗೆ?” ಎಂದಷ್ಟೇ ಕೇಳಿದ.

“ನಾಲ್ಕೂವರೆಗೆ.”

“ಹಂಗಾದ್ರೆ ಆಟ ನಿಲ್ಲಿಸ್ತೀನಿ. ನೋಡ್ಕೋ ಮಾರಾಯ, ಒಂದು ಹಾಳೇನೂ ಬಿಟ್ಕೊಡಲ್ಲ.”

ಮಧ್ಯಾಹ್ನದ ಹೊತ್ತಿಗೆ ತಲೆಯಿಂದ ಕಾಲಿನವರೆಗೆ ಆಟದ ಬಿಳಿ ಉಡುಗೆ ತೊಟ್ಟ ಬೋಲಿಂಗ್ ಕ್ಲಬ್ಬಿನ ಮುದುಕ ಮುದುಕಿಯರೆಲ್ಲ ಗ್ರಂಥಾಲಯಕ್ಕೆ ಬಂದು ಇಳಿದರು. ಅರ್ಧ ಜನರ ತಲೆಯ ಮೇಲೆ ಐಸ್‌ಕ್ರೀಮ್ ಡಬ್ಬ. ಚಂದ್ರನ ಮೇಲೆ ಇಳಿಯಲು ಹೊರಟವರು ದಾರಿ ತಪ್ಪಿ ಬಂದಂತಿದ್ದರು.

ಅಲ್ಲಿಂದ ಶುರುವಾಯಿತು ಗೋಳು. ಮೊದಲನೆಯದಾಗಿ ಯಾರೂ ಸುಮ್ಮನೆ ಪುಸ್ತಕ ತೆಗೆದುಕೊಳ್ಳಲೊಲ್ಲರು. ಡಲ್ಸಿ ಕೈಗೆ ಸಿಕ್ಕಿದ್ದನ್ನೆಲ್ಲ ಬಿಡಿಸಿ ಒಳಗೆ ಇಣುಕಿ ನೋಡತೊಡಗಿದಳು.

“ಏನು ಹುಡುಕ್ತಿದೀಯ?” ಎಂದು ಮೆರ್ವ್ ಕೇಳಿದ.

“ನನ್ನ ಸುತ್ತು ಇದೆಯಾ ಅಂತ. ಇದ್ರೆ ಓದಿಬಿಟ್ಟಿದೀನಿ ಅಂತ ಲೆಕ್ಕ.”

“ನೀನು ಈ ಕಪಾಟಿನ ಕಡೆ ಜನ್ಮದಲ್ಲಿ ಬಂದಿಲ್ಲ.”

“ಬಂದು ಮರೆತಿದ್ರೆ?”

ಅವಳನ್ನು ದೂರಿ ಫಲವಿಲ್ಲ. ಊರಿನ ಹಿರಿಯ ಓದುಗರಿಗೆಲ್ಲ ಇದೊಂದು ಹಳೆಯ ಪದ್ಧತಿ. ಯಾವುದನ್ನು ಓದಿದ್ದೇವೆಂದು ನೆನಪಿರುವುದಿಲ್ಲ. ಅದಕ್ಕೆ ಓದಿ ಮುಗಿಸಿದ ಪುಸ್ತಕದೊಳಗೆ ತಮಗಷ್ಟೇ ತಿಳಿಯುವ ಹಾಗೆ ಒಂದು ಗುರುತು ಮಾಡಿಡುತ್ತಾರೆ. ಡಲ್ಸಿ ಪುಟದ ಸಂಖ್ಯೆಗೆ ಸುತ್ತು ಹಾಕುತ್ತಾಳೆ. ಕೋಸ್ತಾ ಒಂದು ಮೀನು ಬರೆಯುತ್ತಾನೆ. ಕೊಲೆಯ ಕತೆಗಳನ್ನು ಓದುವ ಬೆರಿಲ್, ಹಿಂದಿನ ಹೊದಿಕೆಯ ಮಡಿಕೆ ಎತ್ತಿ ಅದರಡಿ ಒಂದು ಪುಟ್ಟ ಎಲೆ ಬರೆಯುತ್ತಾಳೆ. ಮೆರ್ವ್‌ನದೂ ಒಂದಿತ್ತೆಂದು ಬೇರೆ ಹೇಳಬೇಕಿಲ್ಲ. ಕಾಲಾನುಕಾಲದಿಂದ ನಡೆದು ಬಂದದ್ದು, ಒಬ್ಬರ ಗುರುತನ್ನು ಇನ್ನೊಬ್ಬರು ಕಂಡರೂ ಕಾಣದ ಹಾಗೆ ಪುಟ ತಿರುಗಿಸುತ್ತಾರೆ.

“ಓದಬೇಕಾಗಿಲ್ಲ, ಹೊತ್ಕೊಂಡು ಹೋದ್ರೆ ಸಾಕು,” ಎಂದು ಮೆರ್ವ್ ಗೋಗರೆದ.

“ಓದದೆ ಇರೋ ಪುಸ್ತಕ ಯಾಕಪ್ಪ ತಗೊಂಡು ಹೋಗಲಿ? ನಾನೇನು ಕೌನ್ಸಿಲರ್ರಾ?” ಎಂದಳು ಡಲ್ಸಿ.

ಎರಡನೆಯ ಗೋಳು ಯಂತ್ರದ್ದು. ಅದಕ್ಕೆ ಜೇನಿನಂಥ ಹೆಣ್ಣು ದನಿ ಇಟ್ಟಿದ್ದರು. “ದಯವಿಟ್ಟು ಒಂದು ಸಲಕ್ಕೆ ಒಂದೇ ವಸ್ತುವನ್ನು ಇಡಿ,” ಎಂದಿತು.

“ವಸ್ತುವಂತೆ,” ಎಂದು ಮೆರ್ವ್ ಹಲ್ಲು ಕಡಿದ. “ಪುಸ್ತಕ ಅನ್ನಕ್ಕೆ ಇದರ ಗಂಟೇನು ಹೋಗ್ತಿತ್ತು?”

ಕೋಸ್ತಾನ ಕಾರ್ಡಿಗೆ ಮೀನಿನ ಹುರುಪೆ ಅಂಟಿಕೊಂಡು ಒಣಗಿತ್ತು. ಯಂತ್ರ ಅವನನ್ನು ಗ್ರಾಹಕನೆಂದು ಒಪ್ಪಲಿಲ್ಲ. ಅವನು ಕಾರ್ಡನ್ನು ಉಗುಳು ಹಚ್ಚಿ ಚಡ್ಡಿಗೆ ಒರೆಸಿ ಮತ್ತೆ ಇಟ್ಟ. ಯಂತ್ರ ಅವನ ಗುಪ್ತ ಸಂಖ್ಯೆ ಕೇಳಿತು. ಕೋಸ್ತಾ ಅದನ್ನು ಇಡೀ ಗ್ರಂಥಾಲಯಕ್ಕೆ ಕೇಳುವ ಹಾಗೆ ಕೂಗಿ ಹೇಳಿದ. ಯಂತ್ರಕ್ಕೆ ಕಿವಿ ಇಲ್ಲ, ಒತ್ತಬೇಕು ಎಂದು ಮೆರ್ವ್ ತಿಳಿಸಿ ಹೇಳುವಷ್ಟರಲ್ಲಿ ಸಾಲಿನಲ್ಲಿ ಹಿಂದೆ ನಿಂತವರೆಲ್ಲ ತಮ್ಮ ತಮ್ಮ ಸಂಖ್ಯೆಯನ್ನು ಜೋರಾಗಿ ಅಭ್ಯಾಸ ಮಾಡುತ್ತಿದ್ದರು. ಡಲ್ಸಿ ಮಾತ್ರ ಯಂತ್ರದ ಜೊತೆ ಬಹಳ ಮರ್ಯಾದೆಯಿಂದ ನಡೆದುಕೊಂಡು, ಪ್ರತಿ ಪುಸ್ತಕಕ್ಕೂ “ಥ್ಯಾಂಕ್ಸ್ ಕಣಮ್ಮ, ನಿಂಗೂ ಸಾಕಾಗಿರ್ಬೇಕು” ಎನ್ನುತ್ತಿದ್ದಳು.

ಇದರ ನಡುವೆ ಕೌಂಟರಿನ ಮೇಲಿನ ಫೋನು ಬಡಿದುಕೊಂಡಿತು. ಮೆರ್ವ್ ಎತ್ತಿದ.

“ಯಾರು, ಮೆರ್ವ್?” ಟ್ಯಾಮ್ಸಿನ್ ದನಿ. ಹಿಂದಿನಿಂದ ಮಕ್ಕಳ ಕಿರುಚಾಟ. “ಏನ್ ನಡೀತಿದೆ ಅಲ್ಲಿ? ನನ್ನ ಫೋನಿಗೆ ಆ ಯಂತ್ರದಿಂದ ಒಂದರ ಹಿಂದೆ ಒಂದು ಸಂದೇಶ ಬರ್ತಿದೆ. ದಯವಿಟ್ಟು ಆ ಕೆಂಪು ಚುಕ್ಕೆಯ ಪುಸ್ತಕ ಮುಟ್ಟಬೇಡಿ. ಅವುಗಳ ಬದಲಿಗೆ—”

“ಅವುಗಳ ಬದಲಿಗೆ ಏನಿಡ್ತೀರ ಅಂತ ನಂಗೊತ್ತು. ಕಾಫಿ ಮಿಷಿನ್ನು,” ಎಂದು ಮೆರ್ವ್ ಫೋನ್ ಇಟ್ಟ. ಎಲ್ಲರ ಕಡೆ ತಿರುಗಿ, “ಮುಟ್ಟಬೇಡಿ ಅಂತಾಳೆ. ನನ್ನ ಕೈಯಾರೆ ಕೊಟ್ಟ ಪುಸ್ತಕಾನ ನಾನು ಮುಟ್ಟಬಾರದಂತೆ,” ಎಂದ. ಬಿಳಿಯುಡುಗೆಯ ಸಾಲು ಛೀ ಎಂದಿತು. ಫೋನು ಮತ್ತೆ ಬಡಿದುಕೊಂಡಾಗ ಕೋಸ್ತಾ ಅದರ ತಂತಿ ಕಿತ್ತಿಟ್ಟ.

ನಾಲ್ಕು ಗಂಟೆ ದಾಟುವಷ್ಟರಲ್ಲಿ ಕಪಾಟು ಬೋಳಾಗಿತ್ತು. ಪುಸ್ತಕಗಳೆಲ್ಲ ಕೋಸ್ತಾನ ಮೀನಿನ ಗಾಡಿಯ ಹಿಂಭಾಗ ಸೇರಿದವು. ಆರು ಕೈಯವಳ ಕತೆ ಮಾತ್ರ ಕಪ್ಪು ಮಸಿ ಉಗುಳುವ ಕಣವೆ ಮೀನಿನ ಬಕೆಟ್ಟಿಗೆ ಬಿದ್ದು ಮೈಯೆಲ್ಲ ಮಸಿ ಮಾಡಿಕೊಂಡಿತು. ಡಲ್ಸಿ ಅದನ್ನು ಸೆರಗಿಲ್ಲದ ಲಂಗಕ್ಕೆ ಒರೆಸಿ ತಾನೇ ಇಟ್ಟುಕೊಂಡಳು.

ನಾಲ್ಕೂವರೆಗೆ ಸರಿಯಾಗಿ ಬಿಳಿಯ ವ್ಯಾನ್ ಬಂತು. ಮೆರ್ವ್ ಡಬ್ಬವನ್ನು ತಲೆಯಿಂದ ತೆಗೆಯುವುದನ್ನೂ ಮರೆತು ಅದರ ಮುಂದೆ ಹೋಗಿ ಕೈ ಚಾಚಿ ನಿಂತ. ಅವನ ಹಿಂದೆ ಊರು.

ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಡಬ್ಬವನ್ನೂ ಅದರ ಒಡೆಯನನ್ನೂ ನೋಡಿದ. “ಕೆಂಪು ಚುಕ್ಕೆಯ ಪುಸ್ತಕಕ್ಕೆ ಬಂದಿದೀನಿ,” ಎಂದ.

“ಒಂದೂ ಇಲ್ಲ. ಹೋಗಿ ನೋಡ್ಕೊಂಡು ಬಾ. ಎಲ್ಲ ಓದುಗರ ಕೈಲಿದೆ. ಓದುಗರು. ಗ್ರಾಹಕರಲ್ಲ.”

ಚಾಲಕ ಒಳಗೆ ಹೋಗಿ ಬೋಳು ಕಪಾಟನ್ನು ನೋಡಿ ತಲೆ ಕೆರೆದುಕೊಂಡು ಬಂದ. “ಒಂದಾದ್ರೂ ಕೊಡಕ್ಕಿಲ್ವಾ? ಇಲ್ದಿದ್ರೆ ನಾನು ಪಕ್ಕದೂರು ಸ್ಟೋಕ್ಸ್‌ಬಿಗೆ ಹೋಗಬೇಕಾಗತ್ತೆ.”

“ಸ್ಟೋಕ್ಸ್‌ಬಿಗಾದ್ರೂ ಹೋಗು, ಶನಿಗ್ರಹಕ್ಕಾದ್ರೂ ಹೋಗು.”

“ಆಮೇಲೆ ನನ್ನ ಅನ್ನಬೇಡಿ.”

“ನಿನ್ನ ಯಾರೂ ಏನೂ ಅನ್ನಲ್ಲ ಕಣಯ್ಯ. ನೀನೂ ಪಾಪ ಹೊಟ್ಟೆಪಾಡಿನವನು.”

ವ್ಯಾನ್ ತಿರುಗಿತು. ಊರು ಚಪ್ಪಾಳೆ ತಟ್ಟಿತು. ಕೋಸ್ತಾ ಅದು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಹಿಂದೆ ಹಿಂದೆ ನಡೆದು ಕಳಿಸಿ ಬಂದ. ಬೆರಿಲ್ ಬಿಸಿ ಪಾಸ್ಟಿಯ ತಟ್ಟೆ ಹಿಡಿದು ಅಷ್ಟೊತ್ತಿಗೆ ಬಂದಿದ್ದಳು. ಎಲ್ಲರೂ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ತಿಂದರು. ಮೆರ್ವ್‌ಗೆ ಎಷ್ಟೋ ವರ್ಷಗಳ ಮೇಲೆ ಸಿಟ್ಟಿಲ್ಲದ ಒಂದು ಗಳಿಗೆ ಬಂದು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಸುಮ್ಮನೆ ನಗುತ್ತಿದ್ದ.

ಐದಕ್ಕೆ ಟ್ಯಾಮ್ಸಿನ್ ಕಾರಿನಿಂದ ಇಳಿದು ಓಡಿ ಬಂದಳು.

“ವ್ಯಾನ್ ಬಂತಾ?”

“ಬಂತು. ಹೋಯ್ತು,” ಎಂದ ಮೆರ್ವ್ ಕೈ ಕಟ್ಟಿಕೊಂಡು.

“ಪೆಟ್ಟಿಗೆ ಇಳಿಸಿದ್ನಾ?”

“ಯಾವ ಪೆಟ್ಟಿಗೆ?”

“ಹೊಸ ಪುಸ್ತಕದ ಪೆಟ್ಟಿಗೆ ಮೆರ್ವ್.” ಟ್ಯಾಮ್ಸಿನ್ ಮೆಟ್ಟಿಲ ಮೇಲೆ ಕುಸಿದು ಕೂತಳು. “ಬೆಳಿಗ್ಗೆಯಿಂದ ಅದನ್ನೇ ಹೇಳಕ್ಕೆ ಒದ್ದಾಡ್ತಿದೀನಿ. ಚುಕ್ಕೆ ಹಾಕಿದ ಒಂದೊಂದು ಹಳೇ ಪುಸ್ತಕಕ್ಕೂ ಅದೇ ಪುಸ್ತಕದ ಹೊಸ ಪ್ರತಿ. ಗಟ್ಟಿ ರಟ್ಟಿನದು, ದೊಡ್ಡ ಅಕ್ಷರದ್ದು. ನಿಮಗೆ ಕಣ್ಣು ಕಷ್ಟ ಅಂತ ದೊಡ್ಡ ಅಕ್ಷರದ್ದೇ ಬೇಕು ಅಂತ ಹಟ ಹಿಡಿದು ಒಪ್ಪಿಸಿದ್ದೆ. ಹಳೇದು ಕೊಟ್ರೆ ಹೊಸದು. ಕೊಡಕ್ಕೆ ಹಳೇದು ಇಲ್ದಿದ್ರೆ ಪಕ್ಕದೂರಿಗೆ.”

“ಸ್ಟೋಕ್ಸ್‌ಬಿಗೆ,” ಎಂದಳು ಡಲ್ಸಿ ಮೆಲ್ಲಗೆ.

ಬಾಯಿಗೆ ಬಂದ ತುತ್ತನ್ನು ಕಾಲಲ್ಲಿ ಒದ್ದದ್ದಷ್ಟೇ ಅಲ್ಲ, ಒದ್ದು ಚಪ್ಪಾಳೆ ಬೇರೆ ತಟ್ಟಿದ್ದರು. ಸ್ಟೋಕ್ಸ್‌ಬಿಯವರು ಕ್ರಿಕೆಟ್ಟಿನಲ್ಲಿ ಮೋಸ ಮಾಡುವ ಜನ, ಪುಸ್ತಕವನ್ನು ಬಾಗಿಲು ಬಡಿಯದಂತೆ ಒತ್ತಿಡಲು ಬಳಸುವವರು.

ಮೆರ್ವ್‌ನ ಮುಖ ಬಿಳುಚಿ, ಆಮೇಲೆ ನಿಧಾನವಾಗಿ ಕೆಂಪಾಯಿತು. ಮನುಷ್ಯನಿಗೆ ತನ್ನ ಮೇಲೆ ಸಿಟ್ಟು ಬಂದಾಗ ಅದನ್ನು ಇಳಿಸಲು ಇನ್ನೊಂದು ತಲೆ ಬೇಕು. “ನಮ್ಮ ಹಳೇ ಪುಸ್ತಕಕ್ಕೆ ಏನು ಬಂದಿತ್ತು?” ಎಂದು ಕೇಳಿದ. “ಬದಲಾಯಿಸೋ ಅಂಥದ್ದು ಏನಾಗಿತ್ತು?”

“ಹಾಳು ಮಾಡಿದಾರೆ ಮೆರ್ವ್. ಒಳಗೆಲ್ಲ ಪೆನ್ನಲ್ಲಿ ಗೀಚಿದಾರೆ. ಗೀಚಿದ ಪುಸ್ತಕ ಕಪಾಟಲ್ಲಿ ಇರಬಾರದು ಅಂತ ನಿಯಮ. ಒಂದೆರಡಲ್ಲ, ಇಡೀ ಕಪಾಟು.”

ಸಿಕ್ಕಿತು ತಲೆ. ಮೆರ್ವ್ ಮೆಟ್ಟಿಲ ಮೇಲೆ ಎದ್ದು ನಿಂತ. ಡಬ್ಬ ಇನ್ನೂ ತಲೆಯ ಮೇಲೇ ಇತ್ತು.

“ನೋಡಿದ್ರಾ?” ಎಂದು ಗುಡುಗಿದ. “ನಾನು ಕೌನ್ಸಿಲ್ ಅಂದೆ, ಕಂಪ್ಯೂಟರ್ ಅಂದೆ. ಶತ್ರು ಮನೆ ಒಳಗೇ ಇದ್ದ. ಪುಸ್ತಕದಲ್ಲಿ ಗೀಚೋನು ಕಳ್ಳನಿಗಿಂತ ಕಡೆ. ಕಳ್ಳ ಆದ್ರೂ ತಗೊಂಡು ಹೋಗಿ ಓದ್ತಾನೆ. ಇಂಥವನ ಕಾರ್ಡ್ ಕಿತ್ಕೋಬೇಕು ಟ್ಯಾಮ್ಸಿನ್. ಜೀವ ಇರೋವರೆಗೂ ಈ ಬಾಗಿಲು ತುಳಿಯಕ್ಕೆ ಬಿಡಬಾರದು. ಅವನ ಹೆಸರು ಬರೆದು ದೋಣಿ ನಿಲ್ಲೋ ಜೆಟ್ಟಿ ಮೇಲೆ ನೇತು ಹಾಕಬೇಕು. ಏನಂತೀರಿ ಎಲ್ಲರೂ?”

ಕುಂಬಳಕಾಯಿ ಕಳ್ಳ ಅಂದರೆ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಡಲ್ಸಿ ಲಂಗದ ಮಸಿ ಉಜ್ಜತೊಡಗಿದಳು. ಕೋಸ್ತಾ ಸಮುದ್ರದ ಕಡೆ ನೋಡಿ ಗಾಳಿ ತಿರುಗಿದೆ ಎಂದ. ಮೆರ್ವ್‌ಗೆ ಇದ್ಯಾವುದೂ ಅರ್ಥವಾಗಲಿಲ್ಲ.

ಟ್ಯಾಮ್ಸಿನ್ ಡಲ್ಸಿಯ ಕೈಯಿಂದ ಆರು ಕೈಯವಳ ಕತೆಯನ್ನು ತೆಗೆದುಕೊಂಡಳು. “ಎಲ್ಲಾದ್ರಲ್ಲೂ ಒಂದೇ ಕಡೆ. ನಲವತ್ತೇಳನೇ ಪುಟ,” ಎಂದು ಬಿಡಿಸಿ ಹಿಡಿದಳು. ಕಣವೆ ಮೀನಿನ ಮಸಿ ಆ ಪುಟವನ್ನು ಮುಟ್ಟಿರಲಿಲ್ಲ. ಅಂಚಿನಲ್ಲಿ ಒಂದು ಪುಟಾಣಿ ರಾಕೆಟ್ಟಿತ್ತು. ಚೂಪು ಮೂಗು, ಎರಡು ರೆಕ್ಕೆ, ಕೆಳಗೆ ಬೆಂಕಿಯ ಗೆರೆ. ಅದರ ಕೆಳಗೆ ಇನ್ನೊಂದು, ಮತ್ತೊಂದು. ಎಷ್ಟು ಸಲ ಓದಿದರೆ ಅಷ್ಟು. ಒಂದು ದಂಡೇ ಹಾರಲು ಸಿದ್ಧವಾಗಿ ನಿಂತಿತ್ತು.

ಅದು ಮೆರ್ವ್‌ನ ಗುರುತು. ನಲವತ್ತೇಳು ಅವನು ಹುಟ್ಟಿದ ಇಸವಿ.

“ಯಾರದಿರಬಹುದು ಮೆರ್ವ್?” ಎಂದಳು ಟ್ಯಾಮ್ಸಿನ್. ಅವಳ ಮುಖದಲ್ಲಿ ನಗು ಇದೆ ಎಂದು ಆಣೆ ಮಾಡಿ ಹೇಳುವಂತಿರಲಿಲ್ಲ.

ಊರಿನ ಹಿರಿಯ ಓದುಗರೆಲ್ಲ ಆಕಾಶವನ್ನು ಅಭ್ಯಾಸ ಮಾಡುತ್ತಿದ್ದರು. ಯಾರೂ ಬಾಯಿ ಬಿಡಲಿಲ್ಲ, ಬಿಟ್ಟರೆ ನಾಳೆ ಪ್ರೇಮಕತೆಯ ಕಪಾಟಿಗೂ ಯುದ್ಧದ ಕಪಾಟಿಗೂ ಚುಕ್ಕೆ ಬೀಳುತ್ತದೆ.

“ಗೊತ್ತಿಲ್ಲ,” ಎಂದ ಮೆರ್ವ್ ಕೊನೆಗೆ. ದನಿ ಡಬ್ಬದೊಳಗಿಂದ ಬಂದ ಹಾಗಿತ್ತು.

“ನಂಗೂ ಗೊತ್ತಿಲ್ಲ. ಆದ್ರೆ ನಿಮಗೆ ಇರೋ ಅಷ್ಟು ಕಾಳಜಿ ಈ ಊರಲ್ಲಿ ಇನ್ಯಾರಿಗಿದೆ? ಪುಸ್ತಕ ಹೆಂಗೂ ಗಾಡೀಲಿದೆ. ನಿಮ್ಮ ಮನೆಗೆ ಇಳಿಸ್ಕೊಳ್ಳಿ. ಒಂದೊಂದೇ ತೆಗೆದು, ಗೀಚಿದ ಕಡೆಯೆಲ್ಲ ಬಿಳಿ ಪಟ್ಟಿ ಅಂಟಿಸಿ. ಒಂದು ಗುರುತೂ ಕಾಣಬಾರದು. ಆಗ ನಿಯಮ ಏನೂ ಅನ್ನಲ್ಲ, ಕಪಾಟು ಉಳಿಯತ್ತೆ. ಹಂಗೇ ಆ ಮನುಷ್ಯ ಯಾರು ಅಂತ ಪತ್ತೆ ಮಾಡಿ. ಸಿಕ್ಕಿದ ದಿನ ನೀವು ಹೇಳಿದ ಶಿಕ್ಷೆನೇ ಕೊಡೋಣ.”

ಕಣವೆ ಮೀನಿನ ವಾಸನೆಯೊಂದಿಗೆ ಪುಸ್ತಕಗಳು ಎರಡು ಕೋಣೆಯ ಮನೆಯನ್ನು ಹೊಕ್ಕವು. ಮಂಚಕ್ಕೆ ಹೋಗುವ ದಾರಿ ಮುಚ್ಚಿತು. ಮೆರ್ವ್ ಬಿಳಿ ಪಟ್ಟಿಯ ಸುರುಳಿ ಹಿಡಿದು ನೆಲದ ಮೇಲೆ ಕೂತು, ಎಷ್ಟೋ ವರ್ಷ ಕಾಲ ಹಾರಿಸಿದ ರಾಕೆಟ್ಟುಗಳನ್ನು ಒಂದೊಂದಾಗಿ ಹೂಳತೊಡಗಿದ. ಅಳು ಬರುವಂತಿತ್ತು. ದೊಡ್ಡ ಅಕ್ಷರದ ಪುಸ್ತಕಗಳು ಈಗ ಸ್ಟೋಕ್ಸ್‌ಬಿಯಲ್ಲಿ ಬಾಗಿಲು ಒತ್ತಿ ಹಿಡಿಯುತ್ತಿರಬೇಕು.

ಬೆರಿಲ್ ಚಹಾ ತಂದು ಪುಸ್ತಕದ ರಾಶಿಯ ಮೇಲೆ ಇಟ್ಟಳು. ಸ್ವಲ್ಪ ಹೊತ್ತು ನಿಂತು ನೋಡಿದಳು.

“ಹಿಂದಿನ ಮಡಿಕೆ ಎತ್ತಿ ಅಲ್ಲೂ ಒಂದು ಪಟ್ಟಿ ಹಾಕ್ಬಿಡು,” ಎಂದಳು.

ಮೆರ್ವ್ ಮಡಿಕೆ ಎತ್ತಿದ. ಅದರಡಿ ಒಂದು ಪುಟ್ಟ ಎಲೆ. ಇನ್ನೊಂದು ಪುಸ್ತಕದ ಮಡಿಕೆ ಎತ್ತಿದ, ಅಲ್ಲೂ ಎಲೆ. ಆರು ಕೈಯವಳ ಕತೆಯಲ್ಲಿ ಎರಡು.

“ನೀನಾ?” ಎಂದ. “ನಲವತ್ತು ವರ್ಷ ನನ್ನ ಎದುರಿಗೆ ಕಸ ಕಸ ಅಂತಿದ್ಯಲ್ಲ.”

“ಕಸಾನೇ. ಆದ್ರೆ ಮುಂದೇನಾಯ್ತು ಅಂತ ಗೊತ್ತಾಗಬೇಕಲ್ಲ. ಮಧ್ಯಾಹ್ನ ನೀನು ಗೊರಕೆ ಹೊಡೆಯುವಾಗ ಓದ್ತಿದ್ದೆ.”

ಮೆರ್ವ್‌ಗೆ ಇಡೀ ದಿನದಲ್ಲಿ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂತು. ಆದರೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಎಲೆಯ ದೂರು ಕೊಟ್ಟರೆ ರಾಕೆಟ್ಟಿಗೂ ಲೆಕ್ಕ ಕೊಡಬೇಕಾಗುತ್ತದೆ. ತುಟಿ ಬಿಗಿದುಕೊಂಡು ಎಲೆಯ ಮೇಲೂ ಪಟ್ಟಿ ಅಂಟಿಸಿದ. ಕೆಲಸದ ನಡುವೆ ಬೇಸರ ಕಳೆಯಲು ಒಂದು ಪುಸ್ತಕ ಓದೋಣವೆಂದು ರಾಶಿಯಿಂದ ಎಳೆದ. ನಲವತ್ತೇಳನೆಯ ಪುಟದಲ್ಲಿ ಈಗ ಬರೀ ಬಿಳುಪು. ಓದಿದ್ದೋ ಇಲ್ಲವೋ ತಿಳಿಯಲಿಲ್ಲ.

“ಇದು ಓದಿದೀನಾ ನಾನು?” ಎಂದು ತನ್ನಷ್ಟಕ್ಕೇ ಕೇಳಿಕೊಂಡ.

ಬೆರಿಲ್ ಬಗ್ಗಿ ಹೆಸರು ನೋಡಿದಳು. “ಓಹೋ, ಓದಿದೀಯ,” ಎಂದಳು. “ಕೊನೇಲಿ ಆ ಕ್ಯಾಪ್ಟನ್ನೇ ರೋಬೋಟು.”

ಮೆರ್ವ್ ಅದನ್ನು ಮುಚ್ಚಿಟ್ಟು ಇನ್ನೊಂದನ್ನು ತೆಗೆದುಕೊಂಡ.

“ಅದರಲ್ಲಿ ಎಲ್ಲ ಕನಸು,” ಎಂದು ಹೇಳಿ ಬೆರಿಲ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು.